ಬಾಡಿಗೆ ಗ್ಯಾಲರಿಯೋ, ಕಮಿಷನ್ ಗ್ಯಾಲರಿಯೋ?

ಪ್ರಶ್ನೆ: ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯ ವಿನ್ಯಾಸಗಳನ್ನಿಟ್ಟುಕೊಂಡು ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಚಿತ್ರ ಬರೆಯುತ್ತೇನೆ. ಬೆಂಗಳೂರಿನ ಒಂದು ಗ್ಯಾಲರಿ ವಾರದ ಬಾಡಿಗೆ ಕೇಳುತ್ತಿದೆ, ಇನ್ನೊಂದು ಮಾರಿದ್ದರಲ್ಲಿ ಶೇ 40 ಕೇಳುತ್ತಿದೆ. ಯಾವುದಕ್ಕೆ ಒಪ್ಪಲಿ?
– ಓದುಗರು, ಶಿರಸಿ

ಉತ್ತರ: ಶೇ 40 ಎಂದೊಡನೆ ಹೆದರಬೇಡಿ, 30ರಿಂದ 50 ವಾಡಿಕೆಯೇ. ಗ್ಯಾಲರಿಯ ಸಂಪಾದನೆ ಎಲ್ಲಿಂದ ಎಂದು ನೋಡಿ. ಬಾಡಿಗೆ ಗ್ಯಾಲರಿಗೆ ನಿಮ್ಮಿಂದಲೇ ಹಣ ಬಂದಾಗಿದೆ, ಚಿತ್ರ ಮಾರದಿದ್ದರೂ ಅದಕ್ಕೆ ನಷ್ಟವಿಲ್ಲ. ಆಹ್ವಾನ ಹಂಚುವುದು, ಚಿತ್ರ ತೂಗುಹಾಕುವುದು, ಬಂದವರೊಡನೆ ಮಾತಾಡುವುದು ಸಾಮಾನ್ಯವಾಗಿ ಎಲ್ಲವೂ ನಿಮ್ಮ ಪಾಲಿಗೆ. ಬೆಂಗಳೂರಿನಲ್ಲಿ ಕೊಳ್ಳುವ ಪರಿಚಿತರು ಇಲ್ಲದಿದ್ದರೆ ಅದು ಗಿಟ್ಟುವುದಿಲ್ಲ. ಕಮಿಷನ್ ಗ್ಯಾಲರಿಗೆ ಮಾರಿದರಷ್ಟೇ ದುಡ್ಡು, ಹಾಗಾಗಿ ಗಿರಾಕಿಯನ್ನು ಅದೇ ಹುಡುಕುತ್ತದೆ. ನಿಮಗೆ ಎರಡನೆಯದೇ ಸರಿ. ಪೂರ್ತಿ ಬಾಡಿಗೆಯ ಜೊತೆ ಶೇ 40ನ್ನೂ ಕೇಳುವವರ ಹತ್ತಿರ ಹೋಗಬೇಡಿ. ನೀವೇ ನಿಂತು ಮಾರಲು ತಯಾರಿದ್ದರೆ ಜನವರಿಯ ಚಿತ್ರಸಂತೆ ಇದೆ.

ಜಗಳ ಹುಟ್ಟುವುದು ರಿಯಾಯಿತಿಯಲ್ಲಿ. 20,000 ರೂಪಾಯಿಯ ಚಿತ್ರಕ್ಕೆ ನಿಮ್ಮ ಪಾಲು 12,000. ಗ್ಯಾಲರಿ ಶೇ 10 ಬಿಟ್ಟುಕೊಟ್ಟು 18,000ಕ್ಕೆ ಮಾರಿದರೆ, ಮಾರಿದ ಬೆಲೆಯ ಮೇಲೆ ಲೆಕ್ಕ ಹಾಕಿದಾಗ ನಿಮಗೆ 10,800. ರಿಯಾಯಿತಿಯನ್ನೆಲ್ಲ ನಿಮ್ಮ ಪಾಲಿಂದಲೇ ಮುರಿದುಕೊಂಡರೆ 10,000. ಯಾವ ಲೆಕ್ಕವೆಂದು ಕರಾರಿನಲ್ಲಿ ಬರೆಸಿ. ಹಣ ಎಷ್ಟು ದಿನದಲ್ಲಿ, ಮಾರದ ಚಿತ್ರ ಯಾವ ತಾರೀಖಿಗೆ ವಾಪಸ್, ಸಾಗಣೆಯಲ್ಲಿ ಹಾನಿಯಾದರೆ ಯಾರು ಹೊಣೆ, ಇವೂ ಇರಲಿ. ಚಿತ್ರವೊಂದೊಂದರ ಅಳತೆ, ಬೆಲೆ, ಫೋಟೋ ಇರುವ ಪಟ್ಟಿಗೆ ಗ್ಯಾಲರಿಯವರ ಸಹಿ ಇಲ್ಲದೆ ಏನನ್ನೂ ಬಿಟ್ಟು ಬರಬೇಡಿ. ಅದೇ ಅಳತೆಯ ಚಿತ್ರವನ್ನು ಶಿರಸಿಯ ಮನೆಯಿಂದ 12,000ಕ್ಕೆ ಕೊಟ್ಟರೆ ಗ್ಯಾಲರಿ ಮತ್ತೆ ಕರೆಯುವುದಿಲ್ಲ, ಅದು ನ್ಯಾಯವೂ ಹೌದು.

ಚಿತ್ರ ಮಾರಿದರೂ ಕೃತಿಸ್ವಾಮ್ಯ ನಿಮ್ಮದೇ. ಲಿಖಿತ ಒಪ್ಪಿಗೆಯಿಲ್ಲದೆ ಕ್ಯಾಲೆಂಡರಿಗೆ ಅಚ್ಚು ಹಾಕುವಂತಿಲ್ಲ. ಆದರೆ ಹಣ ಕೊಟ್ಟು ಹೇಳಿ ಬರೆಸಿಕೊಂಡ ಚಿತ್ರಕ್ಕೆ, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, 1957ರ ಕಾಯ್ದೆಯಂತೆ ಬರೆಸಿದವರೇ ಹಕ್ಕುದಾರರು.

ಮಳೆಗಾಲದಲ್ಲಿ ಕಳಿಸುವುದಾದರೆ ಇನ್ನೊಂದು ಎಚ್ಚರ. ಅಕ್ರಿಲಿಕ್ ಒಣಗಿದ ಮೇಲೂ ಸೆಕೆಗೆ ಮೆತ್ತಗಾಗುತ್ತದೆ, ಬಬಲ್ ರ‍್ಯಾಪ್ ನೇರ ಸುತ್ತಿದರೆ ಗುಳ್ಳೆಗಳ ಗುರುತು ಮೂಡುತ್ತದೆ. ಮೊದಲು ಸಿಲಿಕೋನ್ ಲೇಪಿತ ಬೇಕಿಂಗ್ ಪೇಪರ್, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಮುಖವಾಗಿ. ಸುರುಳಿ ಸುತ್ತುವುದಾದರೆ ಬಣ್ಣದ ಬದಿ ಹೊರಗಿರಲಿ, ಕೊಳವೆ ಆದಷ್ಟು ಅಗಲದ್ದಿರಲಿ. ಒಳಮುಖವಾಗಿ ಬಿಗಿಯಾಗಿ ಸುತ್ತಿದ ಬಣ್ಣ ಬಿಡಿಸುವಾಗ ಬಿರುಕು ಬಿಡುತ್ತದೆ.