ಹನ್ನೆರಡು ಕೊಟ್ಟು ಹನ್ನೆರಡು ಪಡೆಯುವ ಲೆಕ್ಕ: ನಿಂಫ್ ಫ್ಲೈ ಪ್ರಶ್ನೋತ್ತರ

ಮೇಫ್ಲೈ, ಸ್ಟೋನ್‌ಫ್ಲೈ ಮುಂತಾದ ಕೀಟಗಳು ರೆಕ್ಕೆ ಬರುವ ಮೊದಲು ಹೊಳೆಯ ತಳದಲ್ಲಿ ಕಳೆಯುವ ಹಂತಕ್ಕೆ ನಿಂಫ್ ಎನ್ನುತ್ತಾರೆ. ಟ್ರೌಟ್ ಮೀನಿನ ಊಟದಲ್ಲಿ ದೊಡ್ಡ ಪಾಲು ನೀರಿನೊಳಗಿನ ಇಂಥ ಹುಳುಗಳದೇ. ಅವನ್ನು ಹೋಲುವಂತೆ ಹುಕ್ಕಿನ ಮೇಲೆ ಗರಿ, ತುಪ್ಪಳ, ತಂತಿ ಸುತ್ತಿ ಕಟ್ಟುವ ಫ್ಲೈಗೂ, ಅಂದರೆ ಮೀನು ಹಿಡಿಯುವ ಕೃತಕ ಹುಳುವಿಗೂ, ಅದೇ ಹೆಸರು. ಕಟ್ಟಿದ್ದನ್ನು ಹವ್ಯಾಸಿಗಳು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳುವುದಕ್ಕೆ ಸ್ವಾಪ್ ಎಂಬ ಹೆಸರಿದೆ. ಈ ಸಲದ ಪ್ರಶ್ನೆಗಳೆಲ್ಲ ಇವೆರಡರ ಸುತ್ತಲಿನವು.

ಪ್ರಶ್ನೆ: ಮೊದಲ ಸಲ ಸ್ವಾಪ್‌ಗೆ ಸೇರುತ್ತಿದ್ದೇನೆ. ಎಷ್ಟು ಫ್ಲೈ ಕಟ್ಟಬೇಕು, ಎಷ್ಟು ವಾಪಸು ಬರುತ್ತವೆ?

ಹನ್ನೆರಡು ಜನ ಸೇರಿದರೆ ಪ್ರತಿಯೊಬ್ಬರೂ ಒಂದೇ ಮಾದರಿಯ 12 ಫ್ಲೈ ಕಟ್ಟಿ ಸ್ವಾಪ್ ನಡೆಸುವವರಿಗೆ ಕಳಿಸುತ್ತಾರೆ. ಅವರ ಮೇಜಿನ ಮೇಲೆ 144 ಸೇರುತ್ತವೆ. ಅವನ್ನು ಹಂಚಿ ಒಬ್ಬೊಬ್ಬರಿಗೆ ಹನ್ನೆರಡು ಬಗೆಯ ಒಂದೊಂದನ್ನು ಹಿಂದಿರುಗಿಸುತ್ತಾರೆ. ಅದರಲ್ಲಿ ಒಂದು ನಿಮ್ಮದೇ ಆಗಿರುತ್ತದೆ. ಕೆಲವು ಕಡೆ ಸ್ವಂತದ್ದನ್ನು ಬಿಟ್ಟು 11 ಸಾಕು ಎನ್ನುತ್ತಾರೆ, ಇನ್ನು ಕೆಲವರು ನಡೆಸುವವರ ಪಾಲಿಗೆಂದು 13 ಕೇಳುತ್ತಾರೆ. ಈ ಸಂಖ್ಯೆಯನ್ನು ಮೊದಲೇ ಕೇಳಿಕೊಳ್ಳಿ. ಕೊನೆಯ ದಿನಾಂಕ ಎಂದರೆ ಡಬ್ಬಿ ಅವರ ಕೈ ಸೇರಬೇಕಾದ ದಿನವೇ ಹೊರತು ನೀವು ಅಂಚೆಗೆ ಹಾಕುವ ದಿನವಲ್ಲ. ಒಬ್ಬರು ತಡ ಮಾಡಿದರೆ ಉಳಿದ ಹನ್ನೊಂದು ಜನರ ಡಬ್ಬಿಗಳೂ ಅಲ್ಲೇ ಕೂರುತ್ತವೆ.

ಯಾವ ಮಾದರಿ, ಹುಕ್ಕಿನದು ಯಾವ ಸೈಜ್ (ಸಂಖ್ಯೆ ಹೆಚ್ಚಿದಷ್ಟೂ ಹುಕ್ ಸಣ್ಣದು) ಎಂಬುದನ್ನು ಹೆಸರು ಕೊಡುವಾಗಲೇ ತಿಳಿಸಿಬಿಡಿ. ಇಲ್ಲವಾದರೆ ಐದು ಜನರಿಂದ ಒಂದೇ ಮಾದರಿ, ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ಕಟ್ಟುವ ಫೆಸೆಂಟ್ ಟೇಲ್, ಬಂದು ಕೂರುತ್ತದೆ. ಎಂಟರಿಂದ ಹನ್ನೆರಡು ಜನರ ಗುಂಪು ಹದವಾದದ್ದು. ಇಪ್ಪತ್ತೈದು ಜನರ ಸ್ವಾಪ್‌ನಲ್ಲಿ ಕಟ್ಟುವವರ ಕೈ ಸೋತಿರುವುದು ಹದಿನೆಂಟನೇ ಫ್ಲೈ ನೋಡಿದರೇ ಗೊತ್ತಾಗುತ್ತದೆ.

ಪ್ರಶ್ನೆ: 14ನೇ ಸೈಜಿನ ಫೆಸೆಂಟ್ ಟೇಲ್ ನಿಂಫ್ ನೋಡಲು ಚೆನ್ನಾಗಿಯೇ ಬರುತ್ತದೆ, ಆದರೆ ಎರಡು ಮೀನು ಕಚ್ಚಿದ ಮೇಲೆ ಬಿಚ್ಚಿಕೊಳ್ಳುತ್ತದೆ. ಇದನ್ನು ಸ್ವಾಪ್‌ಗೆ ಕಳಿಸಲು ನಾಚಿಕೆ. ಎಲ್ಲಿ ತಪ್ಪುತ್ತಿದ್ದೇನೆ?

ಫೆಸೆಂಟ್ ಹುಂಜದ ಬಾಲದ ಗರಿಯ ಎಳೆ ಸ್ವಭಾವದಲ್ಲೇ ಪೆಡಸು. ಟ್ರೌಟ್‌ನ ಸಣ್ಣ ಹಲ್ಲು ಒಂದು ಎಳೆಯನ್ನು ಕಡಿದರೆ ಸಾಕು, ಕಾವಲಿಗೆ ತಂತಿ ಇಲ್ಲದ ಕಡೆ ಇಡೀ ಮೈ ಸುರುಳಿ ಬಿಚ್ಚುತ್ತದೆ. ಹೆಚ್ಚಾಗಿ ತಪ್ಪುವುದು ತಂತಿಯ ದಿಕ್ಕು. ಎಳೆ ಸುತ್ತಿದ ದಿಕ್ಕಿನಲ್ಲೇ ತಂತಿಯನ್ನೂ ಸುತ್ತಿದರೆ ಅದು ಎಳೆಗಳ ಸಂದಿಗೆ ಇಳಿದು ಕೂರುತ್ತದೆ, ಯಾವುದನ್ನೂ ಹಿಡಿಯುವುದಿಲ್ಲ. ಎಳೆಯನ್ನು ನಿಮ್ಮಿಂದ ಆಚೆಗೆ ಸುತ್ತಿದ್ದರೆ ತಂತಿಯನ್ನು ನಿಮ್ಮ ಕಡೆಗೆ ಸುತ್ತಿ. ಆಗ ಅದು ಪ್ರತಿ ಎಳೆಯನ್ನೂ ಅಡ್ಡ ಹಾಯ್ದು ಅದುಮುತ್ತದೆ.

ಮೊದಲಿಂದ ಹೇಳುವುದಾದರೆ: ಹುಕ್ಕನ್ನು ಕಚ್ಚಿ ಹಿಡಿಯುವ ವೈಸ್‌ಗೆ ಏರಿಸುವ ಮೊದಲೇ ಅದರ ಬಾರ್ಬ್ ಅನ್ನು, ಅಂದರೆ ಮೊನೆಯ ಹಿಂದಿನ ಮುಳ್ಳನ್ನು, ಇಕ್ಕಳದಲ್ಲಿ ಅದುಮಿ. ಹುಕ್ ಮುರಿಯುವುದಿದ್ದರೆ ಆಗಲೇ ಮುರಿಯಲಿ, ಕಟ್ಟಿದ ಮೇಲೆ ಮುರಿದರೆ ಕಾಲು ಗಂಟೆಯ ಕೆಲಸ ಹಾಳು. 2.8 ಮಿಲಿಮೀಟರ್ ಮಣಿಯನ್ನು ಸಣ್ಣ ತೂತು ಹುಕ್ಕಿನ ಕಣ್ಣಿನ ಕಡೆಗೆ ಬರುವಂತೆ ಪೋಣಿಸಿ. 70 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲನ್ನು ಮಣಿಯ ಹಿಂದಿನಿಂದ ಬಾಗಿನವರೆಗೆ ಒತ್ತಾಗಿ ಸುತ್ತಿ. ನಾಲ್ಕೈದು ಎಳೆಗಳ ತುದಿಯಿಂದ ಬಾಲ ಕಟ್ಟಿ. ಹುಕ್ಕಿನ ನೇರ ಭಾಗವಾದ ಶ್ಯಾಂಕ್‌ನ ಅರ್ಧದಷ್ಟು ಉದ್ದ ಸಾಕು. ಹತ್ತು ಸೆಂಟಿಮೀಟರ್ ತೆಳು ತಾಮ್ರದ ತಂತಿಯನ್ನು ಬರೀ ಬಾಲದ ಬುಡದಲ್ಲಿ ಸಿಕ್ಕಿಸಬೇಡಿ, ಶ್ಯಾಂಕ್ ಉದ್ದಕ್ಕೂ ಮಲಗಿಸಿ ನೂಲು ಸುತ್ತಿ. ಬುಡದಲ್ಲಿ ಮಾತ್ರ ಕಟ್ಟಿದರೆ ಅಲ್ಲೊಂದು ಗುಬ್ಬಿ ಏಳುತ್ತದೆ, ಮೇಲಾಗಿ ಎಳೆದಾಗ ತಂತಿ ಜಾರುತ್ತದೆ.

ಈಗ ನೂಲಿನ ಹಾಸಿನ ಮೇಲೆ ತೆಳ್ಳಗೆ ಸೂಪರ್ ಗ್ಲೂ ಸವರಿ, ಅದು ಒಣಗುವ ಮೊದಲೇ ಬಾಲದ ಎಳೆಗಳ ಉಳಿದ ಭಾಗವನ್ನು ಶ್ಯಾಂಕ್‌ನ ಮೂರರಲ್ಲಿ ಎರಡು ಪಾಲಿನವರೆಗೆ ಸುತ್ತಿ. ಫ್ಲೈ ಬಾಳಿಕೆಗೆ ಇದರಷ್ಟು ನೆರವಾಗುವ ಇನ್ನೊಂದು ಹೆಜ್ಜೆ ಇಲ್ಲ. ತಂತಿಯನ್ನು ಎದುರು ದಿಕ್ಕಿನಲ್ಲಿ ಐದಾರು ಸುತ್ತು ತನ್ನಿ. ಎದುರು ದಿಕ್ಕಿನ ತಂತಿಗೆ ಒಂದು ದೋಷವಿದೆ: ಅದನ್ನು ಕಟ್ಟುವಾಗ ನೂಲು ತಾನೇ ಅದನ್ನು ಸಡಿಲಿಸಲು ನೋಡುತ್ತದೆ. ತಂತಿಯನ್ನು ಬಿಗಿಯಾಗಿ ಹಿಡಿದೇ ನಾಲ್ಕು ಸುತ್ತು ನೂಲು ಹಾಕಿ, ಆಮೇಲೆ ತಂತಿಯ ತುದಿಯನ್ನು ಹಿಂದೆ ಮುಂದೆ ಆಡಿಸಿ ಮುರಿಯಿರಿ. ಕತ್ತರಿಯಿಂದ ಕತ್ತರಿಸಿದರೆ ಉಳಿಯುವ ಚೂಪು ಮೋಟು ಮುಂದೆ ನೂಲನ್ನೇ ಕೊಯ್ಯುತ್ತದೆ, ಕತ್ತರಿಯೂ ಹಾಳು.

ರೆಕ್ಕೆಗೂಡಿಗೆ, ಅಂದರೆ ನಿಂಫ್ ಎದೆಯ ಮೇಲೆ ಬೆಳೆಯುವ ರೆಕ್ಕೆ ಅಡಗಿರುವ ಉಬ್ಬಿಗೆ, ಎಂಟು ಎಳೆಗಳನ್ನು ಹೊಳೆಯುವ ಮುಖ ಕೆಳಗಾಗಿ, ತುದಿ ಬಾಲದ ಕಡೆಗೆ ಇರುವಂತೆ ಕಟ್ಟಿ. ಮುಂದಕ್ಕೆ ಮಡಚಿದಾಗ ಒಳ್ಳೆಯ ಮುಖ ಮೇಲೆ ಬರುತ್ತದೆ. ಎದೆಗೆ ನವಿಲುಗರಿಯ ಮೂರು ಎಳೆಗಳನ್ನು ನೂಲಿನೊಂದಿಗೆ ನಾಲ್ಕೈದು ತಿರುವು ಹೊಸೆದು ಹಗ್ಗ ಮಾಡಿ ಸುತ್ತಿ. ಬಿಡಿಯಾಗಿ ಸುತ್ತಿದ ನವಿಲಿನ ಎಳೆಗೂ ಫೆಸೆಂಟಿನ ಗತಿಯೇ. ಹೆಚ್ಚು ಹೊಸೆದರೂ ಅದು ತುಂಡಾಗುತ್ತದೆ. ರೆಕ್ಕೆಗೂಡು ಮಡಚಿ ಕಟ್ಟಿ, ಐದೈದು ಸುತ್ತಿನ ವಿಪ್ ಫಿನಿಶ್ ಗಂಟು ಎರಡು ಸಲ ಹಾಕಿ.

ಅಂದಹಾಗೆ, ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ರೂಪಿಸಿದ ಮೂಲ ಫೆಸೆಂಟ್ ಟೇಲ್‌ನಲ್ಲಿ ಮಣಿ ಇಲ್ಲ, ನವಿಲುಗರಿ ಇಲ್ಲ, ನೂಲೂ ಇಲ್ಲ. ಫೆಸೆಂಟ್ ಎಳೆ ಮತ್ತು ತಾಮ್ರದ ತಂತಿ, ಅಷ್ಟೇ. ತೂಕವೂ ತಂತಿಯದೇ, ಕಟ್ಟೂ ತಂತಿಯದೇ. ಈಜುವ ನಿಂಫ್ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂದು ಅವರು ಕಾಲುಗಳನ್ನೂ ಕೈಬಿಟ್ಟರು. ಬಿಚ್ಚಿಕೊಳ್ಳುವ ಚಾಳಿ ಬಿಡಿಸಲು ಒಂದು ಡಜನ್ ಹೀಗೆ ಕಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಪ್ರಶ್ನೆ: ಸ್ವಾಪ್‌ನಲ್ಲಿ ಬಂದ ಎರಡು ನಿಂಫ್ ನೋಡಲು ಒಂದೇ ಥರ. ಒಂದು ಕಲ್ಲಿನಂತೆ ಮುಳುಗಿತು, ಇನ್ನೊಂದು ತೇಲಾಡಿತು. ಯಾಕೆ?

ಮಣಿಯ ಬಣ್ಣದಿಂದ ಲೋಹ ಗೊತ್ತಾಗುವುದಿಲ್ಲ. ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಸೀಸದ್ದು 11.3, ಟಂಗ್‌ಸ್ಟನ್‌ದು 19.3. ಮಣಿಗೆ ಬಳಸುವುದು ಮಿಶ್ರಲೋಹವಾದ್ದರಿಂದ ಟಂಗ್‌ಸ್ಟನ್ ಮಣಿ ಸ್ವಲ್ಪ ಹಗುರವೇ ಇರುತ್ತದೆ. ಆದರೂ ಅದೇ ಗಾತ್ರದ ಹಿತ್ತಾಳೆ ಮಣಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕ. ಎರಡಕ್ಕೂ ಚಿನ್ನದ ಬಣ್ಣ ಬಳಿದರೆ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಇದರ ಜೊತೆಗೆ ಮೈಯೊಳಗೆ ಸೀಸದ ತಂತಿ ಎಷ್ಟು ಸುತ್ತು ಇದೆ ಎಂಬುದೂ ಅಡಗಿರುತ್ತದೆ. ತುಪ್ಪಳದ ದಪ್ಪ ಮೈ ನೀರನ್ನು ತಡೆದು ನಿಧಾನ ಇಳಿಯುತ್ತದೆ, ಎಳೆ ಸುತ್ತಿದ ಸಪೂರ ಮೈ ಬೇಗ ಇಳಿಯುತ್ತದೆ. ಹಾಗಾಗಿ ತೂಕವನ್ನು ಚೀಟಿಯಲ್ಲಿ ಬರೆಯದ ನಿಂಫ್ ಅರ್ಧ ನಿಂಫ್ ಎಂದೇ ನಮ್ಮ ಲೆಕ್ಕ. ತಲೆಯ ನೂಲಿನ ಬಣ್ಣದಲ್ಲಿ ಗುರುತಿಡುವ ಪದ್ಧತಿಯೂ ಇದೆ, ಉದಾಹರಣೆಗೆ ಸೀಸವಿದ್ದರೆ ಕೆಂಪು, ಇಲ್ಲದಿದ್ದರೆ ಕಪ್ಪು. ಗುಂಪಿನವರೆಲ್ಲ ಒಂದೇ ಸಂಕೇತ ಒಪ್ಪಿಕೊಂಡರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಮಣಿಯ ಗಾತ್ರಕ್ಕೆ ಅಂದಾಜು ಹೀಗೆ: 12ನೇ ಸೈಜಿಗೆ 3.3 ಮಿ.ಮೀ., 14ಕ್ಕೆ 2.8, 16ಕ್ಕೆ 2.4, 18ಕ್ಕೆ 2. ಜಿಗ್ ಹುಕ್ಕಿಗೆ ಸೀಳು ಇರುವ ಮಣಿಯೇ ಬೇಕು. ಅದರ ಕಣ್ಣಿನ ಹತ್ತಿರದ ಬಾಗಿನ ಮೇಲೆ ಸಾದಾ ಮಣಿ ಕೂರದೆ ಅಲ್ಲಾಡುತ್ತದೆ. ಸೀಳಿನ ಮಣಿಯೂ ಅಲ್ಲಾಡಿದರೆ ಸೀಳು ತಪ್ಪು ಪಕ್ಕಕ್ಕಿದೆ ಎಂದರ್ಥ, ತಿರುಗಿಸಿ ಕೂರಿಸಿ, ಹಿಂದೆ ನೂಲಿನ ತಡೆ ಕಟ್ಟಿ.

ಸೀಸ ಹಾಕುವ ಮೊದಲು ಅದು ಎಲ್ಲಿ ನೀರಿಗೆ ಬೀಳುತ್ತದೆ ಎಂದು ಯೋಚಿಸಿ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಸೀಸದ ಗಾಳ ಸಾಮಗ್ರಿ ಬಳಸುವಂತಿಲ್ಲ, ಹುಕ್ಕಿನಲ್ಲಿ ಬಾರ್ಬ್ ಇರುವಂತಿಲ್ಲ. ಸ್ವಾಪ್ ಫ್ಲೈ ಯಾವ ಹೊಳೆಗೆ ಹೋಗುತ್ತದೋ ನಿಮಗೆ ಗೊತ್ತಿರುವುದಿಲ್ಲವಾದ್ದರಿಂದ ಸೀಸವಿಲ್ಲದೆ, ಬಾರ್ಬ್ ಅದುಮಿ ಕಟ್ಟುವುದೇ ಲೇಸು.

ಪ್ರಶ್ನೆ: ಮೊಲದ ತುಪ್ಪಳದ ಹೇರ್ಸ್ ಇಯರ್ ನಿಂಫ್ ಕಟ್ಟಿದರೆ ಹತ್ತಿಯ ಉಂಡೆಯಂತಾಗುತ್ತದೆ.

ತುಪ್ಪಳ ಜಾಸ್ತಿಯಾಯಿತು. ನೀವು ಚಿವುಟಿ ತೆಗೆದದ್ದರಲ್ಲಿ ಅರ್ಧ ಪಕ್ಕಕ್ಕಿಡಿ, ಉಳಿದದ್ದರಲ್ಲಿ ಮತ್ತರ್ಧ ತೆಗೆಯಿರಿ. ನೂಲಿಗೆ ಮೇಣ ಸವರಿ, ತುಪ್ಪಳವನ್ನು ಒಂದೇ ದಿಕ್ಕಿಗೆ ಹೊಸೆಯಿರಿ. ಹಿಂದೆ ಮುಂದೆ ಹೊಸೆದರೆ ಹೊಸೆದದ್ದೆಲ್ಲ ಬಿಚ್ಚುತ್ತದೆ. ಹೊಟ್ಟೆಗೆ ಬೆಂಕಿಕಡ್ಡಿಗಿಂತ ಸಪೂರ, ಎದೆಗೆ ಮಾತ್ರ ದಪ್ಪ. ಮುಖದ ಒರಟು ಕೂದಲನ್ನು ಎದೆಗೆ ಉಳಿಸಿಕೊಂಡು, ಕೊನೆಯಲ್ಲಿ ಸೂಜಿಯಿಂದ ಕೆದಕಿ ಹೊರಗೆಳೆದರೆ ಅವೇ ಕಾಲುಗಳು.

ಪ್ರಶ್ನೆ: ಹನ್ನೆರಡೂ ಒಂದೇ ಥರ ಬರುವುದಿಲ್ಲ.

ಒಂದೊಂದನ್ನೇ ಪೂರ್ತಿ ಕಟ್ಟುವ ಮೊದಲು ಸಾಮಾನು ಸಿದ್ಧಮಾಡಿಕೊಳ್ಳಿ. 14 ಹುಕ್ಕಿಗೆ ಬಾರ್ಬ್ ಅದುಮಿ ಮಣಿ ಪೋಣಿಸಿ ಸಾಲಾಗಿಡಿ, 14 ತುಂಡು ತಂತಿ ಒಂದೇ ಅಳತೆಗೆ ಕತ್ತರಿಸಿ, ಎಳೆಗಳನ್ನು ಎಣಿಸಿ ಕಟ್ಟುಗಳಾಗಿ ಇಡಿ. ಬಾಲದ ಉದ್ದವನ್ನು ಕಣ್ಣಳತೆಗೆ ಬಿಡದೆ ಕೈವಾರದಲ್ಲಿ ಹಿಡಿಯಿರಿ. ಎಳೆಗಳೆಲ್ಲ ಒಂದೇ ಗರಿಯ ನಡುಭಾಗದವಾಗಿರಲಿ, ಬುಡ ಮತ್ತು ತುದಿಯ ಎಳೆಗಳ ಉದ್ದ, ಬಣ್ಣ ಎರಡೂ ಬೇರೆ. ಮೊದಲ ಎರಡು ಕೈ ಕುದುರಿಸಿಕೊಳ್ಳಲು ಕಟ್ಟಿದವು, ಅವನ್ನು ನಿಮ್ಮ ಡಬ್ಬಿಯಲ್ಲೇ ಇಟ್ಟುಕೊಳ್ಳಿ.

ನೂಲು ಮತ್ತೆ ಮತ್ತೆ ತುಂಡಾಗುತ್ತಿದ್ದರೆ ಬಿಗಿ ಹೆಚ್ಚಾಯಿತು ಎಂದು ಕೂಡಲೇ ತೀರ್ಮಾನಿಸಬೇಡಿ. ಹುಕ್ಕಿನ ಮೊನೆಗೆ ತಾಗಿದೆಯೇ, ನೂಲಿನ ಉರುಳೆ ಹಿಡಿಯುವ ಬಾಬಿನ್‌ನ ಕೊಳವೆಯ ಬಾಯಿ ತರಿಯಾಗಿದೆಯೇ, ಮಣಿಯ ಅಂಚು ಹರಿತವಿದೆಯೇ ನೋಡಿ.

ಪ್ರಶ್ನೆ: ಚೀಟಿಯಲ್ಲಿ ಏನೇನು ಬರೆಯಬೇಕು? ಹೇಗೆ ಪ್ಯಾಕ್ ಮಾಡಬೇಕು?

ಒಂದು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಉದ್ದದ ದಪ್ಪ ಕಾಗದ. ತುದಿಯಲ್ಲಿ ತೂತು ಮಾಡಿ ಹುಕ್ಕಿನ ಬಾಗಿಗೆ ಸಿಕ್ಕಿಸಿ. ಕಟ್ಟಿದವರ ಹೆಸರು, ಮಾದರಿ, ಹುಕ್ಕಿನ ತಯಾರಕರು, ಮಾಡೆಲ್ ಮತ್ತು ಸೈಜ್, ಮಣಿಯ ಲೋಹ ಮತ್ತು ಗಾತ್ರ, ಸೀಸವಿದ್ದರೆ ಎಷ್ಟು ಸುತ್ತು. ಬರೀ “ಸೈಜ್ 14” ಎಂದರೆ ಸಾಲದು, ಒಬ್ಬ ತಯಾರಕರ 14 ಇನ್ನೊಬ್ಬರ 16ರಷ್ಟೇ ಇರಬಹುದು. “2ಎಕ್ಸ್ ಲಾಂಗ್” ಎಂದಿದ್ದರೆ ಶ್ಯಾಂಕ್ ಎರಡು ಸೈಜ್ ದೊಡ್ಡ ಹುಕ್ಕಿನಷ್ಟು ಉದ್ದ ಎಂದರ್ಥ. ಪೆನ್ಸಿಲ್ಲಿನಲ್ಲಿ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ.

ಗಂಟಿನ ಮೇಲಿನ ಅಂಟು ಒಂದು ದಿನ ಪೂರ್ತಿ ಒಣಗಲಿ. ಹುಕ್ಕಿನ ಕಣ್ಣಿನಲ್ಲಿ ಅಂಟು ಉಳಿದಿದೆಯೇ ಎಂದು ಸೂಜಿ ಹಾಯಿಸಿ ನೋಡಿ. ಮೀನು ಕಚ್ಚುವ ಹೊತ್ತಿನಲ್ಲಿ ದಾರ ತೂರದ ಕಣ್ಣು ಎದುರಾದರೆ ಚೀಟಿಯ ಮೇಲಿನ ಹೆಸರಿಗೆ ಬೈಗುಳ ತಪ್ಪಿದ್ದಲ್ಲ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಫೋಮ್ ಹಾಸಿ ಫ್ಲೈಗಳನ್ನು ಚುಚ್ಚಿ, ಮುಚ್ಚಳಕ್ಕೆ ಟೇಪ್ ಸುತ್ತಿ. ಬರೀ ಲಕೋಟೆಯಲ್ಲಿ ಕಳಿಸಿದರೆ ವಿಂಗಡಿಸುವ ಯಂತ್ರದಲ್ಲಿ ಫ್ಲೈ ಚಪ್ಪಟೆಯಾಗುತ್ತದೆ, ಮೊನೆ ಹೊರಬಂದು ಯಾರದೋ ಕೈಗೆ ಚುಚ್ಚುತ್ತದೆ. ವಾಪಸಿನ ವಿಳಾಸ ಮತ್ತು ಅಂಚೆ ವೆಚ್ಚವನ್ನು ಡಬ್ಬಿಯ ಜೊತೆಗೇ ಇಡಿ.

ಪ್ರಶ್ನೆ: ಒಂದೆರಡು ಸಲ ಮಾತ್ರ ನೀರಿಗೆ ಹಾಕಿದ ಫ್ಲೈ ಕಳಿಸಬಹುದೇ?

ಬೇಡ. ಒಳಗೆ ಉಳಿದ ತೇವ ಅಕ್ಕಪಕ್ಕದ ಹುಕ್ಕಿಗೂ ತುಕ್ಕು ಹಿಡಿಸುತ್ತದೆ. ಒಂದು ಹೊಳೆಯ ಪಾಚಿ, ಸೂಕ್ಷ್ಮಜೀವಿಗಳು ಇನ್ನೊಂದು ಹೊಳೆಗೆ ದಾಟಲು ತೇವದ ತುಪ್ಪಳಕ್ಕಿಂತ ಒಳ್ಳೆಯ ವಾಹನ ಬೇಕಿಲ್ಲ.

ಪ್ರಶ್ನೆ: ಸ್ವಾಪ್‌ನಿಂದ ಬಂದ ಫ್ಲೈ ಮತ್ತು ಗರಿಗಳನ್ನು ನನ್ನ ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಎಲ್ಲ ಗರಿಗಳೂ ಉದುರತೊಡಗಿವೆ. ಪುಡಿ ಬೀಳುತ್ತಿದೆ.

ಹುಳ ಬಂದಿದೆ. ಬಟ್ಟೆ ತಿನ್ನುವ ಪತಂಗದ ಮರಿ ಇಲ್ಲವೇ ಚರ್ಮ ತಿನ್ನುವ ದುಂಬಿಯ ಮರಿ. ದಿಂಡು ಬೋಳಾದ ಗರಿ, ಮರಳಿನಂಥ ಪುಡಿ, ಹುಳ ಕಳಚಿದ ಕಂದು ಪೊರೆ ಅವುಗಳ ಗುರುತು. ತೀರಾ ತಿಂದುಹೋದದ್ದನ್ನು ಬಿಸಾಡಿ. ಉಳಿದದ್ದನ್ನು ಗಾಳಿಯಾಡದ ಚೀಲಗಳಲ್ಲಿ ಬೇರೆ ಬೇರೆ ಹಾಕಿ, −18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ಒಂದು ವಾರ ಇಡಿ, ಹೊರತೆಗೆದು ಒಂದು ದಿನ ಬಿಡಿ, ಮತ್ತೊಂದು ವಾರ ಇಡಿ. ಎರಡನೇ ಸಲದ ತಣ್ಣಗಿನ ವಾಸ ಮೊದಲ ಸಲ ಉಳಿದುಕೊಂಡ ಮೊಟ್ಟೆಗಳಿಗಾಗಿ. ಹೊರತೆಗೆದಾಗ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಾಯಿ ತೆರೆಯಬೇಡಿ, ಇಲ್ಲದಿದ್ದರೆ ಒಳಗಿನ ಹುಕ್ಕಿನ ಮೇಲೆ ನೀರು ಕಟ್ಟಿ ತುಕ್ಕು ಶುರುವಾಗುತ್ತದೆ. ನುಸಿಗುಳಿಗೆ ಸುಲಭದ ದಾರಿಯೆಂದು ಕಂಡರೂ ಅದರ ಆವಿ ಪಾಲಿಸ್ಟೈರೀನ್ ಡಬ್ಬಿಯನ್ನು ಮೆತ್ತಗಾಗಿಸುತ್ತದೆ.

ಪೆಟ್ಟಿಗೆಯನ್ನು ಬ್ರಷ್‌ನಿಂದ ಮೂಲೆಮೂಲೆಗೂ ಗುಡಿಸಿ ಬಿಸಿ ಸೋಪಿನ ನೀರಲ್ಲಿ ತೊಳೆಯಿರಿ. ಇನ್ನು ಮುಂದೆ ಹೊರಗಿನಿಂದ ಬಂದ ಯಾವ ಗರಿ, ತೊಗಲು, ಫ್ಲೈಯೂ ಫ್ರೀಜರ್ ಹಾಯದೆ ಪೆಟ್ಟಿಗೆ ಸೇರದಿರಲಿ. ಸ್ವಾಪ್ ನಡೆಸಿದವರಿಗೂ ತಿಳಿಸಿಬಿಡಿ. ಅದೇ ಡಬ್ಬಿಯಲ್ಲಿದ್ದ ಫ್ಲೈಗಳು ಇನ್ನೂ ಹನ್ನೊಂದು ಮನೆಗಳಲ್ಲಿವೆ.