ಮಂಚದ ಕೆಳಗಿನ ಎಣ್ಣೆ ಡಬ್ಬಿ

ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ದಿನಗಳು ಬಂದರೆ, ನಿದ್ದೆಯಿಲ್ಲ ಎಂದು ಆಪ್ತಸಲಹೆಗೆ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಜಾಸ್ತಿ. 'ಸುಮ್ನೆ ಚಿಂತಿ ಮಾಡ್ತಾಳ್ರಿ' ಅಂತಾರೆ ಮನೆಯವರು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಈ ಹೆಣ್ಣುಮಗಳು ವಿಜಯಪುರದ ತಿಕೋಟಾ ಕಡೆಯವರು. ರಾತ್ರಿಯಿಡೀ ಎಚ್ಚರ, ಬೆಳಿಗ್ಗೆ ತಲೆನೋವು. ಒಂದು ದಿನ ಹೇಳಿದರು: "ತವರಮನ್ಯಾಗ ತಲಿ ಇಟ್ಟರ ಸಾಕ್ರಿ, ನಿದ್ದಿ ಬರ್ತೈತಿ."

ಮನೆಯಲ್ಲಿ ಎಲ್ಲರೂ ಇದನ್ನು ಅತ್ತೆಮನೆ ಮೇಲಿನ ಬೇಸರ ಅಂತಲೇ ತಿಳಿದಿದ್ದರು. ನಾನು ಕೇಳಿದ್ದು ಬೇರೆ. ಅಲ್ಲಿ ಎಲ್ಲಿ ಮಲಗುತ್ತೀರಿ, ಇಲ್ಲಿ ಎಲ್ಲಿ? ಅಲ್ಲಿ ಗಾಳಿಯಾಡುವ ಪಡಸಾಲೆ. ಇಲ್ಲಿ ಸಣ್ಣ ಖೋಲಿ, ಕಿಟಕಿ ಮುಚ್ಚಿ ಸೊಳ್ಳೆ ಕಾಯಿಲ್. ಮತ್ತೇನಿದೆ ಖೋಲಿಯಲ್ಲಿ? ಗಂಡ ಹೇಳಿದರು: "ಎಣ್ಣಿ ಡಬ್ಬಿ ಮಂಚದ ಕೆಳಗ ಅದಾವ್ರಿ. ತುಟ್ಟಿ ಮಾಲು, ಹೊರಗ ಇಟ್ಟರ ಕಳವಾಗತಾವ." ಗಂಡ ಎಣ್ಣೆ ಹೊಡೆದು ಬಂದ ಅಂಗಿಯನ್ನು ಬರಿಗೈಲಿ ತಿಕ್ಕಿ ಒಗೆಯುವವರು ಈ ಹೆಣ್ಣುಮಗಳೇ.

ಕೆಲವು ಕೀಟನಾಶಕಗಳು ಚರ್ಮದಿಂದಲೂ ಒಳಗೆ ಹೋಗಿ ನರಗಳ ಕೆಲಸ ಕೆಡಿಸುತ್ತವೆ. ತಲೆನೋವು, ಬೆವರು, ನಿದ್ದೆಗೇಡು ಬರಬಹುದು. ಕಾಯಿಲ್ ಕೂಡ ಸಣ್ಣದಲ್ಲ. ಒಂದು ಕಾಯಿಲ್ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣಗಳು ಹೊರಬರುತ್ತವೆ ಎಂದು 2003ರ ಒಂದು ಅಧ್ಯಯನ ಅಳೆದಿದೆ.

ಡಬ್ಬಿಗಳನ್ನು ಅಂದೇ ಹೊರಗಿನ ಕಪಾಟಿಗೆ ಸಾಗಿಸಿ ಬೀಗ ಹಾಕಲು ಹೇಳಿದೆ. ಹೊಡೆದ ಬಟ್ಟೆ ಬೇರೆಯಾಗಿ, ಕೈಗವಸು ಹಾಕಿ, ಗಂಡನೇ ಒಗೆಯಬೇಕು. ಕಾಯಿಲ್ ಬದಲು ಸೊಳ್ಳೆಪರದೆ, ಕಿಟಕಿ ತೆರೆದಿರಲಿ. ಡಾಕ್ಟರಿಗೆ ತೋರಿಸುವಾಗ ಎಣ್ಣೆಯ ಹೆಸರನ್ನೂ ಹೇಳಲಿ. ಅಂಗಡಿಯಿಂದ ನಿದ್ದೆಗುಳಿಗೆ ಬೇಡ.

'ಆಪ್ತಸಲಹೆಗಾರರಿಗೆ ಎಣ್ಣೆ ಡಬ್ಬಿ ಉಸಾಬರಿ ಯಾಕೆ' ಎಂದು ಕೆಲವರು ಕೇಳಿದ್ದಾರೆ. ಹೆಂಗಸಿನ ನಿದ್ದೆಗೇಡು ಅಂದರೆ ಮನಸ್ಸಿನದ್ದೇ ಅಂತ ಮೊದಲೇ ತೀರ್ಮಾನಿಸುವುದು ಅನ್ಯಾಯ, ಅಲ್ವಾ? ಇನ್ನೂ ಒಂದಿದೆ. ರಾತ್ರಿಗಟ್ಟಲೆ ಎಚ್ಚರವಿದ್ದು ಬೇಸತ್ತವರ ಕೈಗೆ ವಿಷ ಎಟುಕಲೇಬಾರದು. ನಿದ್ದೆ ಸುಧಾರಿಸದಿದ್ದರೂ ಆ ಬೀಗ ಬೇಕೇ ಬೇಕು ಎಂದು ನಾನು ಪಟ್ಟು ಹಿಡಿದೆ.

ಇವರ ತಲೆನೋವು ಕಡಿಮೆಯಾಯಿತು. ನಿದ್ದೆ ಅರ್ಧಕ್ಕರ್ಧ ಮರಳಿತು. ರಕ್ತ ಕಡಿಮೆ ಇದ್ದದ್ದೂ ಪರೀಕ್ಷೆಯಲ್ಲಿ ಗೊತ್ತಾಗಿ ಕಬ್ಬಿಣದ ಗುಳಿಗೆ ನಡೆದಿದೆ. ಹೀಗಾಗಿ ಎಲ್ಲ ತಪ್ಪನ್ನೂ ಡಬ್ಬಿಯ ಮೇಲೆ ಹಾಕಲಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ರಾತ್ರಿ ಎಚ್ಚರವಿದ್ದು ಕಂಗಾಲಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.