ತಾಯಿಯ ಕೀಲುವಾತ ಮಗಳಿಗೂ ಬರುತ್ತದೆಯೇ?

ಪ್ರಶ್ನೆ: ನನಗೆ 31 ವರ್ಷ. ಭತ್ತದ ನಾಟಿಗೆ ಹೋಗುತ್ತಿದ್ದ ನನ್ನ ತಾಯಿಗೆ ರುಮಟಾಯ್ಡ್ ಆರ್ಥರೈಟಿಸ್ ಆಗಿ ಬೆರಳುಗಳು ಸೊಟ್ಟಗಾಗಿವೆ. ರೊಟ್ಟಿ ಬಡಿಯಲೂ ಆಗುತ್ತಿಲ್ಲ. ಇದು ವಂಶಪಾರಂಪರ್ಯವೆಂದು ನೆಂಟರು ಹೇಳುತ್ತಾರೆ. ನನಗೂ ಬರುವುದು ಖಚಿತವೇ? ವಂಶವಾಹಿ ಪರೀಕ್ಷೆ ಮಾಡಿಸಬೇಕೇ?
– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಖಚಿತವಲ್ಲ. ರುಮಟಾಯ್ಡ್ ಆರ್ಥರೈಟಿಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ದಾಳಿ ಮಾಡುವ ಕೀಲುವಾತ. ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕಾಯಿಲೆಯಿದ್ದರೆ ಅದು ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು ಎಂಬುದಷ್ಟೇ ನಿಜ. ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲು ನೆರವಾಗುವ ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ವಂಶವಾಹಿಯ ಕೆಲವು ಬಗೆಗಳು ರೂಪಿಸುವ ಪ್ರೋಟೀನಿನಲ್ಲಿ ಐದು ಅಮೈನೋ ಆಮ್ಲಗಳ (ಪ್ರೋಟೀನಿನ ಘಟಕಗಳ) ಒಂದೇ ತೆರನಾದ ಸರಣಿಯಿದ್ದು, ಅದಕ್ಕೂ ಈ ಕಾಯಿಲೆಗೂ ಇರುವ ನಂಟನ್ನು ವಿಜ್ಞಾನಿಗಳು 1987ರಲ್ಲಿ ಮುಂದಿಟ್ಟರು. ಆದರೆ ಆ ಸರಣಿಯನ್ನು ಹೊತ್ತವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಎಲ್ಲ ವಂಶವಾಹಿಗಳೂ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿಯೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ಶೇ. 15ರಷ್ಟು ಜೋಡಿಗಳಲ್ಲಿ ಮಾತ್ರ. ಹೀಗಿರುವಾಗ ಆ ಪರೀಕ್ಷೆಗೆ ಹಣ ಸುರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಬೀಡಿ, ಸಿಗರೇಟಿನ ಹೊಗೆ ಈ ಆನುವಂಶಿಕ ಒಲವಿನೊಂದಿಗೆ ಸೇರಿದಾಗ ಅಪಾಯ ಬಹಳ ಏರುತ್ತದೆ. ಮನೆಯ ಗಂಡಸರಿಗೂ ಇದನ್ನು ತಿಳಿಸಿರಿ. ಬೆಳಿಗ್ಗೆ ಎದ್ದಾಗ ಬೆರಳಿನ ಗೆಣ್ಣುಗಳು ಬಾತು, ಮುಷ್ಟಿ ಕಟ್ಟಲಾಗದ ಬಿಗಿತ ಒಂದು ಗಂಟೆಗೂ ಹೆಚ್ಚು ಕಾಲ ಉಳಿದು, ಹಲವು ವಾರ ಮುಂದುವರಿದರೆ ತಡಮಾಡದೆ ವೈದ್ಯರನ್ನು ಕಂಡು, ತಾಯಿಯ ಕಾಯಿಲೆಯನ್ನೂ ತಿಳಿಸಿರಿ. ಅವರು ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಬರೆದುಕೊಡಬಹುದು. ಮೆಥೋಟ್ರೆಕ್ಸೇಟ್‌ನಂತಹ ಔಷಧವನ್ನು ಆರಂಭದಲ್ಲಿಯೇ ಶುರುಮಾಡಿದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು.